ದೂರು ಬರುವವರೆಗೆ ಕಾಯದ ಚಿಕಿತ್ಸೆ

ಬೇರೆ ಔಷಧಗಳಿಗೆ ಜಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ದೊಡ್ಡ ಆಸರೆ. ಅದರಿಂದ ಬಿಳಿ ರಕ್ತಕಣಗಳು ಕುಸಿದಾವೆಂದು ಮೊದಲ 18 ವಾರ ತಪ್ಪದೆ ರಕ್ತ ಪರೀಕ್ಷಿಸುತ್ತಾರೆ. ಅದೇ ಮಾತ್ರೆ ಕರುಳಿನ ಚಲನೆಯನ್ನು ಕುಗ್ಗಿಸಿ, ಮಲ ಕಟ್ಟುವಂತೆ ಮಾಡಿ, ಪ್ರಾಣವನ್ನೇ ತೆಗೆಯಬಲ್ಲದು. ಆದರೆ ಮಲವಿಸರ್ಜನೆಯ ಬಗ್ಗೆ ವಿಚಾರಿಸುವವರು ಕಡಿಮೆ. ನ್ಯೂಜಿಲೆಂಡಿನಲ್ಲಿ ಸುಸಾನಾ ಎವರಿ-ಪಾಮರ್ ಮತ್ತು ಸಂಗಡಿಗರು ರೂಪಿಸಿದ 'ಪೊರಿರುವಾ ಕ್ರಮ'ದ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಅದು ರೋಗಿ ದೂರುವವರೆಗೆ ಕಾಯುವುದಿಲ್ಲ. ಕ್ಲೋಜಪಿನ್ ಜೊತೆಗೇ ಸೆನ್ನಾ, ಅಂದರೆ ಸೋನಾಮುಖಿ, ಮತ್ತು ಮಲ ಮೆದುಗೊಳಿಸುವ ಡಾಕ್ಯುಸೇಟ್ ಕೊಡುತ್ತದೆ. ಸಾಲದಿದ್ದರೆ ಮ್ಯಾಕ್ರೊಗಾಲ್ ಪುಡಿ ಸೇರಿಸುತ್ತದೆ. 2016ರ ಅವರ ಅಧ್ಯಯನದಲ್ಲಿ ಕ್ಲೋಜಪಿನ್ ಸೇವಿಸುವವರ ದೊಡ್ಡ ಕರುಳನ್ನು ದಾಟಲು ಮಲಕ್ಕೆ ಸುಮಾರು 104 ಗಂಟೆ ಹಿಡಿದಿತ್ತು. ಇದು ಸಹಜ ಅವಧಿಯ ನಾಲ್ಕು ಪಟ್ಟಿಗೂ ಹೆಚ್ಚು. ಇಷ್ಟಾದರೂ ಅನೇಕರಿಗೆ ತೊಂದರೆ ಇದೆಯೆಂದೇ ಅನಿಸಿರುವುದಿಲ್ಲ. ನೋವಿನ ಅರಿವು ಮಂದವಾಗಿರುವವರಿಂದ, ಮಾತು ಬಾರದ ಬುದ್ಧಿಮಾಂದ್ಯರಿಂದ ದೂರು ಬರಲೆಂದು ಕಾಯುವುದು ನನ್ನ ದೃಷ್ಟಿಯಲ್ಲಿ ನಿರ್ಲಕ್ಷ್ಯವೇ.

ಈ ಕ್ರಮವನ್ನು ಪರೀಕ್ಷಿಸಿದ್ದು ಬರೀ 14 ರೋಗಿಗಳಲ್ಲಿ, ಹೋಲಿಕೆಗೆ ಬೇರೆ ಗುಂಪೂ ಇರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ದೊಡ್ಡ ಅಧ್ಯಯನ ಬೇಕೇ ಬೇಕು. ಆದರೆ ಅಗ್ಗದ, ಹಳೆಯ, ಪರಿಚಿತ ಔಷಧಗಳನ್ನು ಅಲ್ಲಿಯವರೆಗೆ ತಡೆಹಿಡಿಯಲು ಅದು ಕಾರಣವಾಗದು. ಭೇದಿ ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂಬ ಭಯವೂ ನಮ್ಮಲ್ಲಿ ಆಳವಾಗಿದೆ. ಇಲ್ಲಿ ಕರುಳನ್ನು ಸೋಮಾರಿಯಾಗಿಸುತ್ತಿರುವುದು ಕ್ಲೋಜಪಿನ್. ಅದು ಇರುವಷ್ಟು ಕಾಲ ಭೇದಿ ಮಾತ್ರೆಯೂ ಇರಬೇಕು. ಸೊಪ್ಪು, ಬಾಳೆಹಣ್ಣು, ಇಸಬ್‌ಗೋಲ್ ಸಾಕೆನ್ನುವವರು ಗಮನಿಸಬೇಕು: ಮುಂದಕ್ಕೆ ತಳ್ಳುವ ಶಕ್ತಿಯೇ ಕುಂದಿದ ಕರುಳಿನಲ್ಲಿ, ನೀರೂ ಕಡಿಮೆಯಾದರೆ, ನಾರು ಅಡ್ಡಿಯನ್ನು ಹೆಚ್ಚಿಸಬಹುದು. ಕೈನಡುಕಕ್ಕೆಂದು ಟ್ರೈಹೆಕ್ಸಿಫೆನಿಡಿಲ್ ಕೂಡ ನಡೆಯುತ್ತಿದ್ದರೆ ಕರುಳಿನ ಮೇಲೆ ಎರಡನೆಯ ಹೊಡೆತ.

ನನ್ನ ತಕರಾರು ಬೇರೆ. ಈ ಕ್ರಮದಿಂದ ಆ 14 ರೋಗಿಗಳಲ್ಲಿ ಮಲ ದೊಡ್ಡ ಕರುಳು ದಾಟಲು 110 ಗಂಟೆಯಷ್ಟಿದ್ದ ಅವಧಿ 62ಕ್ಕೆ ಇಳಿಯಿತು, ಸಹಜಕ್ಕೆ ಮರಳಲಿಲ್ಲ. ಆದ್ದರಿಂದ ಮಾತ್ರೆ ಬರೆದುಕೊಟ್ಟರೆ ಮುಗಿಯಿತು ಎನ್ನುವಂತಿಲ್ಲ. ಗಟ್ಟಿಮಲದ ಪಕ್ಕದಿಂದ ನೀರುಮಲ ಜಿನುಗಿ ಒಳಬಟ್ಟೆಗೆ ಅಂಟಿದ್ದನ್ನು ಕಂಡು ಮನೆಯವರು ಭೇದಿಯೆಂದು ತಿಳಿದು ಸೆನ್ನಾ ನಿಲ್ಲಿಸುತ್ತಾರೆ. ಬೇಕಾಗಿರುವುದು ಅದಕ್ಕೆ ತದ್ವಿರುದ್ಧವಾದದ್ದು. ಮನೆಯವರೇ ಆರೈಕೆಯ ಭಾರ ಹೊರುವ ನಮ್ಮಲ್ಲಿ ಇದನ್ನು ಚೀಟಿಯ ಜೊತೆಗೇ ಹೇಳಿಕೊಡಬೇಕು. ಹೊಟ್ಟೆ ಉಬ್ಬಿ ವಾಂತಿಯಾದರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಕರೆತರಬೇಕೆಂದೂ.