ವೈವಿಧ್ಯವೊಂದೇ ರಕ್ಷೆಯಲ್ಲ

ವಂಶವಾಹಿ ವೈವಿಧ್ಯ ಕಡಿಮೆಯಿರುವ ಹಕ್ಕಿಗಳು ರೋಗಕ್ಕೆ ಬೇಗ ಬಲಿಯಾಗುತ್ತವೆ, ಹೆಚ್ಚಿರುವವು ತಾಳಿಕೊಳ್ಳುತ್ತವೆ ಎಂಬುದು ಈಗ ಯಾರೂ ಪ್ರಶ್ನಿಸದ ಮಾತಾಗಿಬಿಟ್ಟಿದೆ. ಇದಕ್ಕೆ ಸಾಕ್ಷಿಯಾಗಿ ಅಮೆರಿಕದ ಹೌಸ್ ಫಿಂಚ್ ಹಕ್ಕಿಯನ್ನು ಮುಂದಿಡುತ್ತಾರೆ. ಆ ಸಾಕ್ಷಿಯನ್ನು ಪೂರ್ತಿ ಕೇಳಿದರೆ ಮಾತು ಅಷ್ಟು ಸರಳವಾಗಿ ಉಳಿಯುವುದಿಲ್ಲ.

ಗುಬ್ಬಚ್ಚಿ ಗಾತ್ರದ ಈ ಹಕ್ಕಿ ಮೂಲತಃ ಪಶ್ಚಿಮ ಸೀಮೆಯದು. 1940ರ ಸುಮಾರಿಗೆ ನ್ಯೂಯಾರ್ಕ್‌ನ ಹಕ್ಕಿ ವ್ಯಾಪಾರಿಗಳು ಕಾನೂನಿಗೆ ಹೆದರಿ ಪಂಜರ ತೆರೆದರು. ಹಾಗೆ ಹಾರಿಹೋದ ಒಂದಿಷ್ಟು ಹಕ್ಕಿಗಳಿಂದಲೇ ಪೂರ್ವದ ಸಂತತಿಯೆಲ್ಲ ಬೆಳೆಯಿತು. 1994ರಲ್ಲಿ ವಾಷಿಂಗ್ಟನ್ ಸುತ್ತಮುತ್ತ, ಅಂಗಳದಲ್ಲಿ ಕಾಳು ತಿನ್ನಲು ಬರುವ ಫಿಂಚ್‌ಗಳ ಕಣ್ಣು ಊದಿ, ಕೀವು ಕಟ್ಟಿ, ರೆಪ್ಪೆ ಅಂಟಿಕೊಂಡಿದ್ದವು. ಕೋಳಿಗಳನ್ನು ಕಾಡುವ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಇವಕ್ಕೂ ದಾಟಿತ್ತು. ಕಣ್ಣು ಕಾಣದ ಹಕ್ಕಿಗಳು ಕಾಳು ಸಿಗದೆ ಸತ್ತವು, ಬೆಕ್ಕಿಗೆ ತುತ್ತಾದವು. ಹತ್ತಿರದ ರಕ್ತಸಂಬಂಧದ ಸಂತತಿ, ಅದಕ್ಕೇ ಹೀಗಾಯಿತು ಎಂಬ ವಿವರಣೆ ಸುಲಭವಾಗಿ ಒಪ್ಪಿಗೆಯಾಯಿತು.

ಆ ವಿವರಣೆಯಲ್ಲಿ ಸತ್ಯವೇ ಇಲ್ಲ ಎನ್ನಲಾರೆ. ನ್ಯೂಯಾರ್ಕ್‌ನಲ್ಲಿ ಹಿಡಿದ ಹಕ್ಕಿಗಳಿಗೆ ಸೋಂಕು ತಗುಲಿಸಿ ನೋಡಿದಾಗ ವೈವಿಧ್ಯ ಕಡಿಮೆಯಿದ್ದವುಗಳಿಗೆ ರೋಗ ಹೆಚ್ಚು ಉಲ್ಬಣಿಸಿತ್ತು. ಆದರೆ ಒಂದೇ ಗುಂಪಿನ ಹಕ್ಕಿ ಹಕ್ಕಿಗಳ ನಡುವೆ ಕಂಡದ್ದನ್ನು ಇಡೀ ಸಂಕುಲಕ್ಕೆ ಅನ್ವಯಿಸಿದಲ್ಲೇ ತರ್ಕ ಜಾರುತ್ತದೆ. 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅಲಬಾಮದ ಫಿಂಚ್‌ಗಳಿಗೂ ಅರಿಜೋನದವಕ್ಕೂ ಅದೇ ಬ್ಯಾಕ್ಟೀರಿಯಾ ಕೊಟ್ಟರು. ಅರಿಜೋನದವು ಮೂಲ ನೆಲೆಯವು, ಆದರೆ ರೋಗವನ್ನೇ ಕಾಣದವು. ಅಲಬಾಮದವು ಪಂಜರದಿಂದ ಹಾರಿದವುಗಳ ವಂಶ, ಹನ್ನೆರಡು ವರ್ಷ ಈ ರೋಗದೊಡನೆ ಬಾಳಿದವು. ಸೋಂಕನ್ನು ಚೆನ್ನಾಗಿ ಹತ್ತಿಕ್ಕಿದ್ದು ಅಲಬಾಮದ ಹಕ್ಕಿಗಳೇ! ತಡೆಯುವ ಗುಣ ಇದ್ದವು ಉಳಿದು ಮರಿ ಮಾಡಿದವು, ಇಲ್ಲದವು ಹೋದವು. ವೈವಿಧ್ಯವೆಂಬುದು ಬಿತ್ತನೆಯ ಕಣಜವಿದ್ದಂತೆ. ಅದರಲ್ಲಿ ಬೇಕಾದ ಬೀಜವಿದೆಯೋ ಇಲ್ಲವೋ ಎಂಬುದು ರಾಶಿ ಎಷ್ಟು ದೊಡ್ಡದು ಎಂಬುದಕ್ಕಿಂತ ಮುಖ್ಯ. ಆ ಬೀಜ ಆರಿಸಿಕೊಳ್ಳುವ ಬೆಲೆ ಸಾವು.

ಎಲ್ಲ ಹಕ್ಕಿಗಳೂ ಆ ಬೆಲೆ ತೆರಲಾರವು. ಹವಾಯಿಯ ಕೆಂಪು ಹಕ್ಕಿ ಇಇವಿಗೆ ಮಲೇರಿಯಾ ಹೊತ್ತ ಒಂದೇ ಸೊಳ್ಳೆ ಕಚ್ಚಿದರೂ ನೂರರಲ್ಲಿ ತೊಂಬತ್ತರಷ್ಟು ಸಾಯುತ್ತವೆಂದು ಪ್ರಯೋಗಾಲಯದಲ್ಲಿ ಕಂಡಿದೆ. ಅದೇ ದ್ವೀಪಗಳ ತಗ್ಗಿನ ಕಾಡುಗಳಲ್ಲಿ ಅದರ ಬಂಧು ಅಮಕಿಹಿ ರೋಗವನ್ನು ಸಹಿಸಿ ಬಾಳುತ್ತಿದೆ. ಇಇವಿಯೂ ಹಾಗೆ ಹೊಂದಿಕೊಂಡೀತು ಎಂದು ಕಾಯುವುದು ಅನ್ಯಾಯ. ಬಿಸಿ ಏರಿದಂತೆ ಸೊಳ್ಳೆ ಅದರ ಕೊನೆಯ ಆಸರೆಯಾದ ಎತ್ತರದ ಕಾಡುಗಳಿಗೂ ಹತ್ತುತ್ತಿದೆ. 2023ರಿಂದ ಮಾವಿ ದ್ವೀಪದಲ್ಲಿ ಹೆಲಿಕಾಪ್ಟರ್‌ನಿಂದ ವಿಶೇಷ ಗಂಡು ಸೊಳ್ಳೆಗಳನ್ನು ಬಿಡುತ್ತಿದ್ದಾರೆ. ಅವುಗಳೊಡನೆ ಕೂಡಿದ ಕಾಡಿನ ಹೆಣ್ಣುಸೊಳ್ಳೆಗಳ ಮೊಟ್ಟೆ ಒಡೆಯುವುದಿಲ್ಲ. ನನ್ನ ಮಟ್ಟಿಗೆ, ಇಇವಿಯ ವಂಶವಾಹಿಗಳನ್ನು ಎಣಿಸುವುದಕ್ಕಿಂತ ಮೊದಲು ಹಣ ಸೇರಬೇಕಾದದ್ದು ಈ ಕೆಲಸಕ್ಕೆ.