ಲಾರಿಗೆ ದಾಖಲೆ ಇದೆ, ಕಂಪನಿಗೆ ಎಲ್ಲಿದೆ?

ರಾಯಚೂರಿನ ರಾಜೇಂದ್ರ ಗಂಜ್‌ನಿಂದ ಹತ್ತಿ, ಮಾನ್ವಿಯ ಮಿಲ್ಲುಗಳಿಂದ ಸೋನಾ ಮಸೂರಿ, ದೇವದುರ್ಗದ ಕೃಷ್ಣಾ ದಂಡೆಯಿಂದ ಮರಳು, ಶಕ್ತಿನಗರದ ಶಾಖೋತ್ಪನ್ನ ಸ್ಥಾವರದಿಂದ ಹಾರುಬೂದಿ. ಈ ಸೀಮೆಯ ದುಡಿಮೆ ಊರು ದಾಟುವುದು ಲಾರಿಯ ಮೇಲೆ. ಹಾಗಿರುವಾಗ ಲಾರಿಯ ಕಾಗದಪತ್ರ ಸರಿಯಾಗಿವೆಯೇ, ಅದನ್ನು ಕಳಿಸಿದ ಟ್ರಾನ್ಸ್‌ಪೋರ್ಟ್ ಕಂಪನಿಯ ನಡತೆ ಎಂಥದು ಎಂಬ ಎರಡು ಪ್ರಶ್ನೆ ಏಳಲೇಬೇಕು. ಮೊದಲನೆಯದಕ್ಕೆ ಇವತ್ತು ಉತ್ತರ ಸಿಗುತ್ತದೆ. ಎರಡನೆಯದನ್ನು ಕೇಳುವವರೇ ಕಡಿಮೆ.

ಮಿಲ್ಲಿನ ಗೇಟಿನಲ್ಲಿ ನಡೆಯುವುದನ್ನೇ ನೋಡಿ. ಬ್ರೋಕರ್ ಫೋನಿನಲ್ಲೇ ಗಾಡಿ ಗೊತ್ತು ಮಾಡುತ್ತಾನೆ. ಗಾಡಿ ಬಂದು ನಿಂತ ಮೇಲೆ ಗುಮಾಸ್ತ ನಂಬರು, ಡ್ರೈವರನ ಮೊಬೈಲು ಬರೆದುಕೊಳ್ಳುತ್ತಾನೆ. ಆರ್‌ಸಿ, ಲೈಸೆನ್ಸು, ಇನ್ಶೂರೆನ್ಸಿನ ಫೋಟೊ ವಾಟ್ಸ್‌ಆ್ಯಪ್‌ಗೆ ಬರುತ್ತದೆ. ಹಮಾಲರು ಚೀಲ ಏರಿಸುತ್ತಾರೆ. ತೂಕದ ಚೀಟಿ, ಎಲ್‌ಆರ್ (ಲಾರಿ ರಸೀದಿ), ಇ-ವೇ ಬಿಲ್, ಕೈಗೆ ಮುಂಗಡ, ಗಾಡಿ ಹೊರಟಿತು. ಇಷ್ಟೆಲ್ಲ ಪರಿಶೀಲನೆ ನಡೆಯುವುದು ಮಾಲು ನಾಪತ್ತೆಯಾಗಬಾರದು ಎಂಬ ಕಾಳಜಿಗೆ. ಅದು ನ್ಯಾಯವಾದದ್ದೇ. ಆದರೆ ಈ ಗಾಡಿ ರಾತ್ರಿ ಹೈದರಾಬಾದ್ ದಾರಿಯಲ್ಲಿ ಎದುರಿಗೆ ಬರುವವರಿಗೆ ಅಪಾಯವಲ್ಲ ತಾನೇ ಎಂಬ ಮಾತು ಆ ಗೇಟಿನಲ್ಲಿ ಬರುವುದು ಅಪರೂಪ.

ಸರ್ಕಾರದ ‘ವಾಹನ್’ ದತ್ತಾಂಶ ಮತ್ತು ‘ಎಂಪರಿವಾಹನ್’ ಆ್ಯಪ್ ತಂದಿರುವ ಬದಲಾವಣೆ ದೊಡ್ಡದು. ರಾಯಚೂರಿನ ಕೆಎ-36 ನಂಬರಾಗಲಿ, ಬೇರೆ ಜಿಲ್ಲೆಯದಾಗಲಿ, ಫಿಟ್‌ನೆಸ್ ಎಲ್ಲಿಯವರೆಗಿದೆ, ವಿಮೆ ಮುಗಿದಿದೆಯೇ, ಹೊಗೆ ತಪಾಸಣೆ ಆಗಿದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಹಿಂದೆ ಆರ್‌ಟಿಒ ಕಚೇರಿಯ ಕೌಂಟರಿನ ಹಿಂದಿದ್ದ ಮಾಹಿತಿ ಗುಮಾಸ್ತನ ಕೈಗೆ ಬಂದಿದೆ. ಫೋಟೊ ತಿದ್ದಬಹುದು, ದತ್ತಾಂಶ ತಿದ್ದುವುದು ಅಷ್ಟು ಸುಲಭವಲ್ಲ. ಹೀಗಿದ್ದೂ ವಾಟ್ಸ್‌ಆ್ಯಪ್ ಫೋಟೊವನ್ನೇ ನಂಬಿ ಲೋಡ್ ಮಾಡಿಸುವುದು ಕೈಯಾರೆ ಮಾಡಿಕೊಳ್ಳುವ ತಪ್ಪು.

ಆದರೆ ಈ ವ್ಯವಸ್ಥೆಗೂ ಮಿತಿಗಳಿವೆ. ಮೊದಲನೆಯದು, ಅದು ಹೇಳುವುದು ತಾರೀಖನ್ನು, ಗಾಡಿಯ ಸ್ಥಿತಿಯನ್ನಲ್ಲ. ನಿಯಮದ ಪ್ರಕಾರ ಸರಕು ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಫಿಟ್‌ನೆಸ್ ಆಗಬೇಕು. ಫಿಟ್‌ನೆಸ್ ಆದ ಮರುವಾರವೇ ಗಾಡಿಗೆ ಸವೆದ ಟೈರು ಹಾಕಿರಬಹುದು, ಸ್ಪೀಡ್ ಗವರ್ನರಿನ ವೈರು ಕಿತ್ತಿರಬಹುದು. ಟಿಪ್ಪರು, ಟ್ಯಾಂಕರುಗಳಿಗೆ ಆ ಗವರ್ನರ್ ಗಂಟೆಗೆ 60 ಕಿ.ಮೀ. ಮಿತಿ ಹಾಕಬೇಕು. ಹಿಂದಿನ ರಿಫ್ಲೆಕ್ಟರ್ ಪಟ್ಟಿ ಧೂಳು ಮೆತ್ತಿ ಮುಚ್ಚಿಹೋಗಿರಬಹುದು. ಮೊಬೈಲಿನ ಪರದೆಯಲ್ಲಿ ಇದಾವುದೂ ಕಾಣುವುದಿಲ್ಲ. ಗೇಟಿನಲ್ಲಿ ಗಾಡಿಯ ಸುತ್ತ ಒಂದು ಸುತ್ತು ಹಾಕಿದರೆ ಕಾಣುತ್ತದೆ.

ಎರಡನೆಯ ಮಿತಿ ಹೆಚ್ಚು ಗಂಭೀರ. ದಾಖಲೆ ಇರುವುದು ಗಾಡಿಗೆ, ಕಂಪನಿಗಲ್ಲ. ಮಾಲೀಕರ ಹೆಸರನ್ನೂ ಆ್ಯಪ್ ಅರ್ಧ ಮುಚ್ಚಿಯೇ ತೋರಿಸುತ್ತದೆ. ಹತ್ತು ಲಾರಿ ಇಟ್ಟವರು ಎಷ್ಟು ಅಪಘಾತ ಮಾಡಿದ್ದಾರೆ, ಎಷ್ಟು ಸಲ ಓವರ್‌ಲೋಡಿಗೆ ಸಿಕ್ಕಿಬಿದ್ದಿದ್ದಾರೆ ಎಂದು ಒಟ್ಟುಗೂಡಿಸಿ ನೋಡಲು ಸಾರ್ವಜನಿಕರಿಗೆ ದಾರಿಯಿಲ್ಲ. ಒಂದು ಗಾಡಿ ಕೆಟ್ಟ ಹೆಸರು ತಂದರೆ ಮಾರಿ ಇನ್ನೊಂದು ತಂದರಾಯಿತು. ಮಾಲೀಕನ ಚರಿತ್ರೆ ಹೊಸದಾಗಿ ಶುರುವಾಗುತ್ತದೆ.

ಅಮೆರಿಕದಲ್ಲಿ ಈ ವಿಷಯಕ್ಕೆ ಬೇರೆಯೇ ದಾರಿ ಇದೆ. ಅಂತರರಾಜ್ಯ ಸಾಗಾಟದ ಪ್ರತಿ ಟ್ರಕ್ಕಿನ ಎರಡೂ ಬದಿಯಲ್ಲಿ ಕಂಪನಿಯ ಹೆಸರು ಮತ್ತು ಸಾರಿಗೆ ಇಲಾಖೆ ಕೊಡುವ ಯುಎಸ್‌ಡಾಟ್ ಸಂಖ್ಯೆ ಬರೆದಿರಬೇಕು. ಸರ್ಕಾರಿ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಕಂಪನಿಗೆ ಎಷ್ಟು ಟ್ರಕ್ಕು, ಎಷ್ಟು ಚಾಲಕರು, ಹಿಂದಿನ 24 ತಿಂಗಳಲ್ಲಿ ಎಷ್ಟು ತಪಾಸಣೆ, ಅದರಲ್ಲಿ ಎಷ್ಟು ಗಾಡಿಗಳನ್ನು ದಾರಿಯಲ್ಲೇ ನಿಲ್ಲಿಸಿದರು, ಎಷ್ಟು ಅಪಘಾತ ಎಲ್ಲವೂ ಕಾಣುತ್ತದೆ. ತಪ್ಪು ಯಾರದೆಂದು ಅಪಘಾತದ ಲೆಕ್ಕ ಹೇಳುವುದಿಲ್ಲ ಎಂಬ ಎಚ್ಚರಿಕೆಯೂ ಅಲ್ಲೇ ಇರುತ್ತದೆ. ಕೊರತೆಗಳಿದ್ದರೂ ಅಲ್ಲಿ ಪ್ರಶ್ನೆ ಸರಿಯಾದ ಬಾಗಿಲಿಗೆ ಹೋಗಿ ಮುಟ್ಟುತ್ತದೆ.

ನಮ್ಮಲ್ಲಿ ಕಾನೂನೇ ಇಲ್ಲ ಎನ್ನುವಂತಿಲ್ಲ. ರಸ್ತೆ ಸಾಗಾಟ ಕುರಿತ 2007ರ ಕಾಯ್ದೆ 2011ರಿಂದ ಜಾರಿಯಲ್ಲಿದೆ. ಬಾಡಿಗೆಗೆ ಎಲ್ಲರ ಮಾಲು ಸಾಗಿಸುವವರು ನೋಂದಣಿ ಪ್ರಮಾಣಪತ್ರ ಪಡೆಯಲೇಬೇಕು. ಬುಕಿಂಗ್ ಏಜೆಂಟರು, ಬ್ರೋಕರರೂ ಇದರ ವ್ಯಾಪ್ತಿಗೆ ಬರುತ್ತಾರೆ. ಪ್ರಮಾಣಪತ್ರದ ಅವಧಿ ಹತ್ತು ವರ್ಷ. ಆರ್‌ಸಿಯಲ್ಲಿ ನಮೂದಾದ ತೂಕಕ್ಕಿಂತ ಹೆಚ್ಚು ಹೇರಬಾರದು ಎಂದೂ ಕಾಯ್ದೆ ಹೇಳುತ್ತದೆ. ನಿಯಮ ಮೀರಿದವರ ನೋಂದಣಿ ಅಮಾನತು, ರದ್ದು ಎರಡಕ್ಕೂ ಅವಕಾಶವಿದೆ. ಕಂಪನಿಯ ನಡತೆ ಕೇಳಲು ಇದಕ್ಕಿಂತ ಒಳ್ಳೆಯ ಹಿಡಿತ ಬೇಕಿಲ್ಲ. ಆದರೂ ಲೋಡ್ ಕೊಡುವ ಮುಂಚೆ ಈ ನೋಂದಣಿ ಸಂಖ್ಯೆ ಕೇಳುವ ರೂಢಿಯೇ ನಮ್ಮಲ್ಲಿ ಬೆಳೆದಿಲ್ಲ.

ಓವರ್‌ಲೋಡಿನ ಹೊಣೆಯೂ ಡ್ರೈವರನ ತಲೆಗೇ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ದಂಡ 20,000 ರೂಪಾಯಿ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಆದರೆ ಕಾನೂನಿನ ಭಾಷೆ ಗಾಡಿ ಓಡಿಸಿದವನನ್ನಷ್ಟೇ ಹಿಡಿಯುವುದಿಲ್ಲ, ಓಡಿಸಲು ಹಚ್ಚಿದವನನ್ನೂ ಬಿಟ್ಟುಕೊಟ್ಟವನನ್ನೂ ಹಿಡಿಯುತ್ತದೆ. ತೂಕದ ಚೀಟಿ ತಮ್ಮ ಕೈಯಲ್ಲೇ ಇಟ್ಟುಕೊಂಡ ಮಿಲ್ಲಿನವರು ತಮಗೆ ಗೊತ್ತಿರಲಿಲ್ಲ ಎನ್ನಲಾರರು.

ಮರಳಿನ ಕಥೆ ಇನ್ನೂ ಕಹಿ. ದೇವದುರ್ಗ, ಮಾನ್ವಿ ಭಾಗದಲ್ಲಿ ಅಕ್ರಮ ಮರಳು ಸಾಗಾಟ ವರ್ಷಗಳಿಂದ ದೊಡ್ಡ ವ್ಯಾಜ್ಯ. 2018ರ ಡಿಸೆಂಬರಿನಲ್ಲಿ ಮಾನ್ವಿ ತಾಲ್ಲೂಕಿನಲ್ಲಿ ಅಂಥ ಲಾರಿಯನ್ನು ತಡೆಯಲು ಹೋದ ಗ್ರಾಮ ಲೆಕ್ಕಿಗರೊಬ್ಬರು ಅದೇ ಲಾರಿಯಡಿ ಸಿಕ್ಕಿ ಸತ್ತರು. ತಪಾಸಣೆಯ ಭಾರವನ್ನೆಲ್ಲ ರಸ್ತೆಯ ಮೇಲೆ ನಿಂತ ಒಬ್ಬ ನೌಕರನ ಹೆಗಲಿಗೆ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಪುರಾವೆ ಬೇಡ. ಓಡುವ ಗಾಡಿಗೆ ಅಡ್ಡ ನಿಲ್ಲುವುದು ಕೊನೆಯ ಉಪಾಯ. ಮೊದಲ ತಪಾಸಣೆ ಆಗಬೇಕಾದ್ದು ಮರಳು ತುಂಬುವ ಜಾಗದಲ್ಲಿ, ಕೊನೆಯದು ಅದನ್ನು ಇಳಿಸಿಕೊಳ್ಳುವ ಗುತ್ತಿಗೆದಾರರ ಅಂಗಳದಲ್ಲಿ. ಪರವಾನಗಿ ಇಲ್ಲದ ಮರಳನ್ನು ಸರ್ಕಾರಿ ಕಾಮಗಾರಿಗೇ ಇಳಿಸಿಕೊಂಡರೆ ಆ ಬಿಲ್ಲು ಪಾಸಾಗಬಾರದು.

ಸಣ್ಣ ಮಾಲೀಕರ ಮಾತನ್ನೂ ಕೇಳಬೇಕು. ಸಾಲ ಮಾಡಿ ಒಂದೇ ಗಾಡಿ ಕೊಂಡು ಕಂತು ಕಟ್ಟುತ್ತಿರುವವರಿಗೆ ಇನ್ನೊಂದು ಕಾಗದ ಅಂದರೆ ಇನ್ನೊಂದು ಖರ್ಚು. ಆದರೆ ಈಗಿನ ಪದ್ಧತಿಯಲ್ಲಿ ಹೆಚ್ಚು ಸೋಲುವವರೂ ಅವರೇ. ಟೈರು ಬದಲಿಸಿ, ತೂಕ ಮೀರದೆ ಓಡಿಸುವವರಿಗಿಂತ ಕಡಿಮೆ ಬಾಡಿಗೆಗೆ ಇದನ್ನೆಲ್ಲ ಬಿಟ್ಟವರು ಗಾಡಿ ಹಚ್ಚುತ್ತಾರೆ. ಒಳ್ಳೆಯ ದಾಖಲೆಗೆ ಬೆಲೆ ಬಂದರೆ ಪ್ರಾಮಾಣಿಕನಿಗೆ ಬಾಡಿಗೆ ಸಿಗುತ್ತದೆ.

ಆಗಬೇಕಾದ್ದು ಸ್ಪಷ್ಟವಿದೆ. ಸಾರಿಗೆ ಇಲಾಖೆ 2007ರ ಕಾಯ್ದೆಯಡಿ ನೋಂದಾದವರ ಪಟ್ಟಿಯನ್ನು ಜಿಲ್ಲಾವಾರು ಎಲ್ಲರಿಗೂ ಕಾಣುವಂತೆ ಪ್ರಕಟಿಸಿ, ಅವರ ಗಾಡಿಗಳ ಓವರ್‌ಲೋಡ್ ಪ್ರಕರಣ, ಅಪಘಾತಗಳನ್ನು ಅದಕ್ಕೆ ಜೋಡಿಸಬೇಕು. ಗಂಜಿನ ವರ್ತಕರು, ಮಿಲ್ಲಿನವರು ನೋಂದಣಿ ಸಂಖ್ಯೆ ಇಲ್ಲದ ಎಲ್‌ಆರ್ ಸ್ವೀಕರಿಸುವುದಿಲ್ಲ ಎಂದು ಒಮ್ಮತಕ್ಕೆ ಬರಬೇಕು. ಎರಡನೆಯದಕ್ಕೆ ಸರ್ಕಾರದ ಆದೇಶ ಕಾಯಬೇಕಿಲ್ಲ. ರಾಯಚೂರಿನ ವರ್ತಕರು ಮನಸ್ಸು ಮಾಡಿದರೆ ಈ ಸುಗ್ಗಿಯಿಂದಲೇ ಶುರುವಾಗಬಹುದು.