ಇಂಗ್ಲಿಷ್ ಪದಗಳ ‘ಫುಲ್ ಫಾರ್ಮ್’: ಒಂದು ಪರಿಶೀಲನೆ

ದಿನಬಳಕೆಯ ಇಂಗ್ಲಿಷ್ ಪದವೊಂದರ ಪ್ರತಿ ಅಕ್ಷರಕ್ಕೂ ಒಂದೊಂದು ಪದ ಹೊಂದಿಸಿ, ಅದೇ ಅದರ ಹುಟ್ಟು ಎಂದು ಹೇಳುವ ಪದ್ಧತಿ ಸಾಮಾನ್ಯ ಜ್ಞಾನದ ಪಟ್ಟಿಗಳಲ್ಲೂ ಮೊಬೈಲ್ ಸಂದೇಶಗಳಲ್ಲೂ ಬೇರೂರಿದೆ. ‘ನ್ಯೂಸ್’ ಎಂದರೆ ನಾಲ್ಕು ದಿಕ್ಕುಗಳ ಮೊದಲಕ್ಷರಗಳಂತೆ. ‘ಫ್ಯಾಮಿಲಿ’ ಎಂದರೆ ‘ಫಾದರ್ ಅಂಡ್ ಮದರ್ ಐ ಲವ್ ಯೂ’ ಅಂತೆ. ‘ಚೆಸ್’ ಎಂದರೆ ರಥ, ಕುದುರೆ, ಆನೆ, ಸೈನಿಕರಂತೆ. ಕಾಗುಣಿತ ನೆನಪಿಡಲು ಇವು ನೆರವಾಗಬಹುದು. ಪದಚರಿತ್ರೆಯಾಗಿ ಮಾತ್ರ ಇವು ಒಂದು ಕ್ಷಣವೂ ನಿಲ್ಲುವುದಿಲ್ಲ.

ಮೊದಲ ತೊಡಕು ಕಾಲದ್ದು. ಮೊದಲಕ್ಷರಗಳನ್ನು ಕೂಡಿಸಿ ಪದದಂತೆ ಉಚ್ಚರಿಸುವ ರೂಢಿ ಇಂಗ್ಲಿಷಿನಲ್ಲಿ ಬಹುಮಟ್ಟಿಗೆ 20ನೇ ಶತಮಾನದ್ದು. ‘ರೇಡಾರ್’, ‘ಲೇಸರ್’ಗಳು ಹಾಗೆ ಹುಟ್ಟಿದವು. ‘ಗಾಲ್ಫ್’ ಪದವಾದರೋ 1457ರಷ್ಟು ಹಿಂದೆಯೇ, ಆ ಆಟವನ್ನು ನಿಷೇಧಿಸಿದ ಸ್ಕಾಟ್ಲೆಂಡಿನ ಶಾಸನದಲ್ಲಿ ಕಾಣಿಸಿಕೊಂಡಿದೆ. ಅದನ್ನು ‘ಗಂಡಸರಿಗೆ ಮಾತ್ರ, ಹೆಂಗಸರಿಗೆ ನಿಷಿದ್ಧ’ ಎಂದು ಬಿಡಿಸುವುದಕ್ಕೆ ಆಧಾರವಿಲ್ಲ. ‘ನ್ಯೂಸ್’ ಎಂಬುದು ‘ನ್ಯೂ’ ಪದದ ಬಹುವಚನ, ಅಂದರೆ ಹೊಸ ಸಂಗತಿಗಳು. ಫ್ರೆಂಚಿನಲ್ಲೂ ಸುದ್ದಿಗೆ ಇಂಥದೇ ಪದವಿದೆ. ‘ಎಸ್‌ಓಎಸ್’ ಕೂಡ ‘ನಮ್ಮ ಪ್ರಾಣ ಉಳಿಸಿ’ ಎಂಬುದರ ಸಂಕ್ಷೇಪವಲ್ಲ. ಮೂರು ಚುಕ್ಕೆ, ಮೂರು ಗೆರೆ, ಮತ್ತೆ ಮೂರು ಚುಕ್ಕೆ ಗದ್ದಲದ ನಡುವೆಯೂ ಗುರುತು ಸಿಗುತ್ತದೆಂದು ಆ ಮೋರ್ಸ್ ಸಂಕೇತವನ್ನು ಆರಿಸಿಕೊಂಡರು. 1906ರ ಬರ್ಲಿನ್ ಸಮ್ಮೇಳನ ಅದನ್ನು ಒಪ್ಪಿತು.

ಹಳೆಯ ಪದಗಳು ಮೊದಲಕ್ಷರಗಳಿಂದ ಹುಟ್ಟಿದವಲ್ಲ ಎಂಬುದಕ್ಕೆ ನಿಜವಾದ ಅಪವಾದವೆಂದರೆ ‘ಓಕೆ’. ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ತಪ್ಪಾಗಿ ಬರೆದು ಅದರ ಮೊದಲಕ್ಷರಗಳನ್ನು ಬಳಸುವ ವಿನೋದ 1839ರ ಮಾರ್ಚ್ 23ರ ಬಾಸ್ಟನ್ ಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು. ಅಮೆರಿಕದ ವಿದ್ವಾಂಸ ಆಲನ್ ವಾಕರ್ ರೀಡ್ 1960ರ ದಶಕದಲ್ಲಿ ಹಳೆಯ ಪತ್ರಿಕೆಗಳನ್ನು ಜಾಲಾಡಿ ಇದನ್ನು ಸ್ಥಾಪಿಸಿದರು. ಪದದ ಹುಟ್ಟನ್ನು ಹೇಳುವವರು ತೋರಬೇಕಾದುದು ಇಂಥ ದಾಖಲೆಯನ್ನೇ.

ಈ ಪದ್ಧತಿಯ ದೊಡ್ಡ ಕೆಡುಕು ಅದು ನಿಜವಾದ ಚರಿತ್ರೆಯನ್ನು ಮರೆಮಾಡುವುದರಲ್ಲಿದೆ. ‘ಫ್ಯಾಮಿಲಿ’ಯ ಮೂಲವಾದ ಲ್ಯಾಟಿನ್ ಪದ ಸೇವಕನನ್ನು ಸೂಚಿಸುವ ಪದದಿಂದ ಬಂದದ್ದು. ರೋಮನ್ ಯಜಮಾನನ ‘ಫ್ಯಾಮಿಲಿಯ’ದಲ್ಲಿ ಗುಲಾಮರೂ ಸೇರಿದ್ದರು. ಆ ಕಠೋರ ಸಂಗತಿಯ ಮೇಲೆ ‘ಐ ಲವ್ ಯೂ’ ಮುಸುಕು ಹೊದಿಸುತ್ತದೆ. ‘ಚೆಸ್’ ವಿಷಯದಲ್ಲಿ ನಷ್ಟ ಇನ್ನೂ ಹೆಚ್ಚು. ರಾಜ ಎಂಬ ಅರ್ಥದ ಪರ್ಷಿಯನ್ ‘ಶಾಹ್’ ಅರಬರ ಮೂಲಕ ಯೂರೋಪಿಗೆ ಹೋಗಿ, ಹಳೆಯ ಫ್ರೆಂಚಿನ ಬಹುವಚನ ರೂಪ ತಾಳಿ, ಇಂಗ್ಲಿಷಿನಲ್ಲಿ ‘ಚೆಸ್’ ಆಯಿತು. ಆಟ ಹೋದದ್ದು ಭಾರತದಿಂದ. ರಥ, ಗಜ, ತುರಗ, ಪದಾತಿಗಳ ಸಂಸ್ಕೃತ ‘ಚತುರಂಗ’ ಪರ್ಷಿಯನ್ನಿನಲ್ಲಿ ‘ಚತ್ರಂಗ್’, ಅರಬ್ಬಿಯಲ್ಲಿ ‘ಶತ್ರಂಜ್’, ಸ್ಪ್ಯಾನಿಷ್‌ನಲ್ಲಿ ‘ಅಹೆದ್ರೆಸ್’ ಎಂದಾಯಿತು. ಕನ್ನಡದ ಚದುರಂಗವೂ ಸ್ಪೇನಿನ ಅಹೆದ್ರೆಸ್ಸೂ ಒಂದೇ ಪದದ ಮಕ್ಕಳು! ಆನೆ, ಕುದುರೆಗಳನ್ನು ಇಂಗ್ಲಿಷ್ ಅಕ್ಷರಗಳಿಗೆ ಕಟ್ಟಿದಾಗ ಅಳಿಸಿಹೋಗುವುದು ಈ ನಂಟೇ.

ಅಕ್ಷರಗಳಿಗೆ ಅರ್ಥವೇ ಇರಲಿಲ್ಲವೆಂದಲ್ಲ. ಸಿನಾಯ್ ಪ್ರದೇಶದ ಸೆರಾಬಿತ್ ಅಲ್-ಖಾದಿಮ್‌ನಲ್ಲಿ 1905ರಲ್ಲಿ ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ ಕಂಡ ಬರಹಗಳಲ್ಲಿ ಇಂಗ್ಲಿಷ್ ಬಳಸುವ ವರ್ಣಮಾಲೆಯ ಬಹಳ ಹಳೆಯ ರೂಪವಿದೆ. ಅಲ್ಲಿ ‘ಎ’ ಎತ್ತಿನ ತಲೆ, ‘ಎಂ’ ನೀರಿನ ಅಲೆ, ‘ಓ’ ಕಣ್ಣು. ‘ಬಿ’ಯ ಹಳೆಯ ಹೆಸರಿಗೆ ಮನೆ ಎಂದರ್ಥ. ಫಿನೀಷಿಯನ್ನರಿಂದ ಗ್ರೀಕರು ಈ ಲಿಪಿ ಪಡೆದಾಗ ‘ಆಲೆಫ್’, ‘ಬೇತ್’ಗಳು ‘ಆಲ್ಫಾ’, ‘ಬೀಟಾ’ ಆದವು. ಅರ್ಥ ಕಳಚಿ ಧ್ವನಿ ಮಾತ್ರ ಉಳಿಯಿತು. ಇಂದಿನ ‘ಎ’ಯನ್ನು ತಲೆಕೆಳಗು ಮಾಡಿದರೆ ಎತ್ತಿನ ಕೊಂಬುಗಳು ಈಗಲೂ ಕಾಣುತ್ತವೆ. ಮಕ್ಕಳಿಗೆ ಹೇಳಲು ಇದಕ್ಕಿಂತ ಸೊಗಸಾದ ಕತೆ ಬೇಕೆ?

ಅಕ್ಷರ ಬಿಡಿಸಿ ಅರ್ಥ ಹೇಳುವುದು ನಮ್ಮಲ್ಲಿ ಹಳೆಯ ರೂಢಿ. ‘ಗು’ ಎಂದರೆ ಕತ್ತಲೆ, ‘ರು’ ಎಂದರೆ ಅದನ್ನು ಕಳೆಯುವವನು ಎಂಬ ವಿವರಣೆ ಎಲ್ಲರಿಗೂ ಗೊತ್ತು. ಅದು ಭಕ್ತಿಯ ವ್ಯಾಖ್ಯಾನ, ಮನನಕ್ಕಾಗಿ ಇರುವಂಥದು. ಪದದ ಮೂಲಾರ್ಥ ‘ಭಾರವಾದದ್ದು’ ಎಂಬುದನ್ನು ಛಂದಸ್ಸಿನ ಗುರು-ಲಘುಗಳು ಉಳಿಸಿಕೊಂಡಿವೆ. ಇನ್ನೊಂದು ಪರಂಪರೆಯೂ ಕನ್ನಡದಲ್ಲಿದೆ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಸ್ಕೃತ ಪದಗಳು ತದ್ಭವವಾಗುವಾಗ ಯಾವ ಧ್ವನಿ ಯಾವುದಾಗುತ್ತದೆ ಎಂದು ನಿಯಮ ಕಟ್ಟಿ ತೋರಿಸಿದ. ಇಂಗ್ಲಿಷ್ ಪದಗಳಿಗೂ ಒಪ್ಪುವ ದಾರಿ ಅದೇ.

ಆದ್ದರಿಂದ ಇಂಥ ಪಟ್ಟಿಗಳು ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಇರತಕ್ಕವಲ್ಲ. ಶಿಕ್ಷಕರು ಅವನ್ನು ಬಾಯಿಪಾಠ ಮಾಡಿಸುವ ಮೊದಲು ಪದಮೂಲ ಕೊಡುವ ಒಳ್ಳೆಯ ನಿಘಂಟೊಂದನ್ನು ತೆರೆದು ನೋಡಲಿ.